ಚಿಟಿಕೆ ಉಪ್ಪಿನೊಳಗಿನ ಚರಿತ್ರೆ: ಅಯೋಡಿನ್ ನಡೆದು ಬಂದ ದಾರಿ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ತಾಯಿಯ ಗರ್ಭದಲ್ಲಿ ಬೆಳೆಯುವ ಶಿಶುವಿನ ಮಿದುಳಿಗೂ ಅಡುಗೆಮನೆಯ ಉಪ್ಪಿಗೂ ನಂಟು ಬೆಳೆದ ಕಥೆ ತೀರ ಈಚಿನದು. ಆ ನಂಟಿನ ಹೆಸರು ಅಯೋಡಿನ್.

ವಯಸ್ಕರಿಗೆ ದಿನವೊಂದಕ್ಕೆ ಬೇಕಾದ ಅಯೋಡಿನ್ ಕೇವಲ 150 ಮೈಕ್ರೋಗ್ರಾಂ. 70 ವರ್ಷಗಳ ಬಾಳಿಗೆ ಲೆಕ್ಕ ಹಾಕಿದರೂ ಒಟ್ಟು 4 ಗ್ರಾಂ ದಾಟುವುದಿಲ್ಲ. ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ತಯಾರಿಸುವುದು ಇದರಿಂದಲೇ. ಅಯೋಡಿನ್ ಸಾಲದೆ ಹೋದಾಗ, ಇದ್ದಷ್ಟನ್ನೇ ಹಿಡಿದುಕೊಳ್ಳಲು ಹೆಣಗುತ್ತ ಗ್ರಂಥಿ ಹಿಗ್ಗುತ್ತದೆ. ಸುಶ್ರುತ ಸಂಹಿತೆಯಲ್ಲಿಯೂ ಉಲ್ಲೇಖವಿರುವ ‘ಗಳಗಂಡ’ ಎಂದರೆ ಈ ಕತ್ತಿನ ಬಾವು. ಗರ್ಭಿಣಿಯಲ್ಲಿ ಕೊರತೆ ತೀವ್ರವಾದರೆ ಹುಟ್ಟುವ ಮಗುವಿನ ಬುದ್ಧಿಶಕ್ತಿ ಕುಂಠಿತವಾಗಬಹುದು. ಆ ಹಾನಿಯನ್ನು ಮುಂದೆ ಸರಿಪಡಿಸಲಾಗದು.

ಅಯೋಡಿನ್ ನಮಗೆ ದೊರೆಯುವುದು ಮಣ್ಣಿನಿಂದ, ಅದರಲ್ಲಿ ಬೆಳೆದ ಆಹಾರದ ಮೂಲಕ. ಯುಗಯುಗಗಳ ಮಳೆ ಬೆಟ್ಟದ ಸೀಮೆಗಳ ಮಣ್ಣಿನಿಂದ ಅದನ್ನು ತೊಳೆದು ಕಡಲಿಗೆ ಒಯ್ದಿದೆ. ಹಿಮಾಲಯದ ತಪ್ಪಲಿನಂತೆಯೇ ನಮ್ಮ ಚಿಕ್ಕಮಗಳೂರು, ಕೊಡಗುಗಳಲ್ಲಿಯೂ ಗಳಗಂಡ ನೆಲೆಯೂರಿದ್ದುದು ಇದರಿಂದ. ನನ್ನ ಬಾಲ್ಯದಲ್ಲಿ ಮಲೆನಾಡಿನ ನಮ್ಮ ಊರಿನ ಅಜ್ಜಿಯೊಬ್ಬರು ಬಿರುಬೇಸಿಗೆಯಲ್ಲಿಯೂ ಸೆರಗನ್ನು ಕತ್ತಿನ ಸುತ್ತ ಹೊದ್ದಿರುತ್ತಿದ್ದರು. ಯಾವುದೋ ಶಾಪವೆಂದು ಊರು ಪಿಸುಗುಟ್ಟುತ್ತಿತ್ತು. ಅದು ಶಾಪವಲ್ಲ, ಮಣ್ಣಿನ ಬಡತನ ಎಂದು ನಾನು ತಿಳಿದದ್ದು ಎಂ.ಬಿ.ಬಿ.ಎಸ್. ಓದುವಾಗ.

ನಾವೀಗ ನೆಲೆಸಿರುವ ಅಮೆರಿಕವೂ ಈ ಬವಣೆಯಿಂದ ಹೊರತಾಗಿರಲಿಲ್ಲ. ಮಹಾಸರೋವರಗಳ ಸುತ್ತಣ ರಾಜ್ಯಗಳನ್ನು ಒಂದು ಕಾಲಕ್ಕೆ ‘ಗಳಗಂಡದ ಪಟ್ಟಿ’ ಎಂದೇ ಕರೆಯುತ್ತಿದ್ದರು. 1917ರಲ್ಲಿ ಡೇವಿಡ್ ಮರೀನ್ ಮತ್ತು ಓ. ಪಿ. ಕಿಂಬಲ್ ಎಂಬ ವೈದ್ಯರು ಓಹಾಯೋದ ಆಕ್ರನ್ ಪಟ್ಟಣದ ಶಾಲಾ ಬಾಲಕಿಯರಿಗೆ ಅಯೋಡಿನ್ ಲವಣವನ್ನು ಕೊಟ್ಟು ನೋಡಿದರು. ಅದನ್ನು ಸೇವಿಸದವರಲ್ಲಿ ಸುಮಾರು ಐವರಿಗೊಬ್ಬಳ ಗ್ರಂಥಿ ಹಿಗ್ಗಿತು. ಸೇವಿಸಿದವರಲ್ಲಿ ಅದು ಇಲ್ಲವೆನ್ನುವಷ್ಟು ಅಪರೂಪವಾಯಿತು. 1924ರ ಮೇ ತಿಂಗಳಲ್ಲಿ ಮಿಷಿಗನ್ ರಾಜ್ಯದ ಅಂಗಡಿಗಳಿಗೆ ಅಯೋಡಿನ್‌ಯುಕ್ತ ಉಪ್ಪು ಬಂದಿತು. ಅದೇ ವರ್ಷ ದೇಶದೆಲ್ಲೆಡೆ ಮಾರಾಟ ಆರಂಭವಾಯಿತು.

ಭಾರತದಲ್ಲಿ ಈ ದಾರಿಯನ್ನು ತೆರೆದವರು ಡಾ. ವಿ. ರಾಮಲಿಂಗಸ್ವಾಮಿಯವರು. 1956ರಲ್ಲಿ ಅವರೂ ಸಹೋದ್ಯೋಗಿಗಳೂ ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳನ್ನಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನು, ಒಂದಕ್ಕೆ ಸಾದಾ ಉಪ್ಪನ್ನು ಒದಗಿಸಿದರು. ಕೆಲವೇ ವರ್ಷಗಳಲ್ಲಿ ಆ ಎರಡು ವಲಯಗಳಲ್ಲಿ ಗಳಗಂಡ ಗಣನೀಯವಾಗಿ ತಗ್ಗಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು.

ಆದರೆ ನಮ್ಮವರಿಗೆ ಉಪ್ಪು ಕೇವಲ ಪದಾರ್ಥವಲ್ಲ. 1930ರಲ್ಲಿ ಅಂಕೋಲೆಯ ಜನ ಅದಕ್ಕಾಗಿ ಸತ್ಯಾಗ್ರಹ ಹೂಡಿದವರು. ಆದ್ದರಿಂದ ಸಾದಾ ಉಪ್ಪಿನ ಮಾರಾಟವನ್ನು ಸರ್ಕಾರ ನಿಷೇಧಿಸಿದಾಗ, ‘ಗಾಂಧೀಜಿಯವರ ಉಪ್ಪಿಗೂ ಕಟ್ಟುಪಾಡೇ?’ ಎಂಬ ಪ್ರಶ್ನೆ ಎದ್ದಿತು. ಸಣ್ಣ ಉಪ್ಪು ತಯಾರಕರ ಜೀವನೋಪಾಯದ ಅಳಲೂ ಸುಳ್ಳಾಗಿರಲಿಲ್ಲ. 2000ರಲ್ಲಿ ಕೇಂದ್ರ ನಿಷೇಧವನ್ನು ಹಿಂತೆಗೆಯಲಾಯಿತು. 2006ರ ಮೇ ತಿಂಗಳಿಂದ ಮತ್ತೆ ಜಾರಿಗೊಳಿಸಲಾಯಿತು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದುದು ಇನ್ನೂ ಹುಟ್ಟದ ಮಕ್ಕಳ ಬುದ್ಧಿ.

ಇಷ್ಟೆಲ್ಲವನ್ನೂ ಮಾರಿಸ್‌ಟೌನಿನಲ್ಲಿ ಕುಳಿತು ನೆನೆಯಲು ಕಾರಣವುಂಟು. ಅಮೆರಿಕದಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಬೇಕೆಂಬ ಕಡ್ಡಾಯವಿಲ್ಲ. ಈಚೆಗೆ ನಮ್ಮ ಮನೆಗಳಲ್ಲಿ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಸಮುದ್ರದ ಹರಳುಪ್ಪು, ಕೋಷರ್ ಉಪ್ಪುಗಳು ‘ಸಹಜ’ವೆಂಬ ಹೆಸರಿನಲ್ಲಿ ಬಂದು ಕುಳಿತಿವೆ. ಇವುಗಳಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಪೊಟ್ಟಣದ ತಿಂಡಿಗಳಲ್ಲಿ ಬಳಸುವ ಉಪ್ಪೂ ಹೆಚ್ಚಾಗಿ ಸಾದಾ ಉಪ್ಪೇ. ಮೀನು, ಮೊಟ್ಟೆಗಳನ್ನು ತಿನ್ನದ, ಹಾಲು–ಮೊಸರಿನ ಬದಲು ಬಾದಾಮಿ ಪಾನೀಯವನ್ನು ನೆಚ್ಚಿಕೊಂಡ ಮನೆಯಲ್ಲಿ ಅಯೋಡಿನ್ ಬರುವ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಉಪ್ಪನ್ನು ಹೆಚ್ಚು ತಿನ್ನಿರೆಂದು ನಾನು ಹೇಳುತ್ತಿಲ್ಲ. ತಿನ್ನುವ ಉಪ್ಪು ಅಯೋಡಿನ್‌ಯುಕ್ತವಾಗಿರಲಿ. ಇಲ್ಲಿನ ಅಂತಹ ಉಪ್ಪಿನ ಕಾಲು ಟೀ ಚಮಚದಲ್ಲಿ ಸುಮಾರು 75 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ಗರ್ಭಿಣಿಯರಿಗೆ ದಿನಕ್ಕೆ 220, ಹಾಲೂಡಿಸುವ ತಾಯಂದಿರಿಗೆ 290 ಮೈಕ್ರೋಗ್ರಾಂ ಬೇಕು. ಬಸಿರಿನಲ್ಲಿ ಸೇವಿಸುವ ವಿಟಮಿನ್ ಗುಳಿಗೆಗಳೆಲ್ಲದರಲ್ಲಿಯೂ ಅಯೋಡಿನ್ ಇರುವುದಿಲ್ಲವಾದ್ದರಿಂದ ಲೇಬಲ್ ಓದಿರಿ, ನಿಮ್ಮ ವೈದ್ಯರನ್ನು ಕೇಳಿರಿ. ಅತಿಯಾದ ಅಯೋಡಿನ್ ಕೂಡ ಥೈರಾಯ್ಡಿಗೆ ಹಿತವಲ್ಲ; ಆ ಗ್ರಂಥಿಯ ಕಾಯಿಲೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಗುಳಿಗೆಗಳನ್ನು ಸೇವಿಸಬಾರದು.

ಕತ್ತಿಗೆ ಸೆರಗು ಹೊದ್ದಿದ್ದ ಆ ಅಜ್ಜಿಗೆ ಆಯ್ಕೆಯೇ ಇರಲಿಲ್ಲ. ಅಂಗಡಿಯ ಸಾಲಿನಲ್ಲಿ ನಿಂತ ನಮಗೆ ಇದೆ. ಈ ಸಂಜೆ ಅಡುಗೆಗೆ ನಿಂತಾಗ ಉಪ್ಪಿನ ಡಬ್ಬಿಯನ್ನೊಮ್ಮೆ ತಿರುಗಿಸಿ ಓದಿರೆಂದು ವಿನಂತಿ.