ಒಂದೇ ವಿಮಾನ, ನೂರು ಬಣ್ಣ

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ತರುವುದಕ್ಕೂ ಮೂರು ವರ್ಷ ಮೊದಲೇ ವಿಮಾನ ಹಾರಿಸುವ ಆಟವೊಂದನ್ನು ಮಾರುತ್ತಿತ್ತು. 1982ರ ಕೊನೆಗೆ ಐಬಿಎಂ ಪಿಸಿಗಾಗಿ ಬಂದ ಫ್ಲೈಟ್ ಸಿಮ್ಯುಲೇಟರ್ ಅದು. ಅದರ ಬೇರು ಇದ್ದದ್ದು ಬ್ರೂಸ್ ಆರ್ಟ್‌ವಿಕ್ 1975ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬರೆದ ಪ್ರಬಂಧದಲ್ಲಿ. ಆಟ ತೆರೆದರೆ ನೀವು ಶಿಕಾಗೋದ ಮೇಗ್ಸ್ ಫೀಲ್ಡ್ ರನ್‌ವೇ ಮೇಲೆ, ಒಂದು ಸೆಸ್ನಾ ವಿಮಾನದೊಳಗೆ ಕೂತಿರುತ್ತಿದ್ದಿರಿ. ಕೆಲವೇ ಗೆರೆ, ಕೆಲವೇ ಬಣ್ಣ. ವಿಮಾನದ ಹೊರಮೈಗೆ ಏನಾದರೂ ಬಳಿಯಬೇಕು ಅನ್ನುವ ಯೋಚನೆಗೇ ಅಲ್ಲಿ ಜಾಗವಿರಲಿಲ್ಲ.

ಈ ಆಟದ ಚರಿತ್ರೆ ಹೇಳುವವರು ಒಂದೊಂದು ಆವೃತ್ತಿಯಲ್ಲೂ ಮೋಡ ಎಷ್ಟು ಚಂದವಾಯಿತು, ನೀರು ಎಷ್ಟು ಮಿನುಗಿತು ಎಂದು ಹೇಳುತ್ತಾ ಹೋಗುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಂಪನಿಗೆ ಸಂಬಂಧವೇ ಇಲ್ಲದವರು ರಾತ್ರಿ ಊಟ ಮುಗಿಸಿ ಕೂತು ಮಾಡಿದ ಕೆಲಸ.

ಅದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಸಾದಾ ಪಠ್ಯ ಕಡತ. 1990ರ ದಶಕದ ಕೊನೆಯ ಹೊತ್ತಿಗೆ ಆಟದ ಪ್ರತಿಯೊಂದು ವಿಮಾನಕ್ಕೂ ಒಂದು ಫೋಲ್ಡರ್, ಅದರೊಳಗೆ ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ ಎಂಬ ಕಡತ ಇರುತ್ತಿತ್ತು. ನೋಟ್‌ಪ್ಯಾಡಿನಲ್ಲೇ ಅದನ್ನು ತೆರೆಯಬಹುದಿತ್ತು. ವಿಮಾನದ ಆಕಾರ ಎಲ್ಲಿದೆ, ಹಾರುವ ಗುಣದ ಲೆಕ್ಕ ಎಲ್ಲಿದೆ, ಮೈಬಣ್ಣದ ಚಿತ್ರಗಳು ಯಾವ ಫೋಲ್ಡರಿನಲ್ಲಿವೆ ಎಂದು ಅದರಲ್ಲಿ ಬರೆದಿರುತ್ತಿತ್ತು. ಬಣ್ಣದ ಫೋಲ್ಡರನ್ನು ನಕಲು ಮಾಡಿ, ಚಿತ್ರಗಳನ್ನು ತಿದ್ದಿ, ಈ ಕಡತಕ್ಕೆ ಹೊಸ ಹೆಸರಿನ ನಾಲ್ಕು ಸಾಲು ಸೇರಿಸಿದರೆ ಮುಗಿಯಿತು. ಪಟ್ಟಿಯಲ್ಲಿ ಇನ್ನೊಂದು ವಿಮಾನ ಬಂದು ನಿಲ್ಲುತ್ತಿತ್ತು. ಪ್ರೋಗ್ರಾಮಿಂಗ್ ಬರಬೇಕಿರಲಿಲ್ಲ, ಯಾರ ಅನುಮತಿಯೂ ಬೇಕಿರಲಿಲ್ಲ. ಒಂದೇ ಬೋಯಿಂಗ್ 737 ಮೈಮೇಲೆ ಜಗತ್ತಿನ ಎಲ್ಲ ವಿಮಾನ ಸಂಸ್ಥೆಗಳೂ ಬಂದು ಕೂತದ್ದು ಹೀಗೆ.

ಆಕಾರ ಮಾಡುವುದು ಇದಕ್ಕಿಂತ ಬಹಳ ಕಷ್ಟದ ಕೆಲಸ. 2001ರ ಆವೃತ್ತಿಯ ಪ್ರೊಫೆಷನಲ್ ಪೆಟ್ಟಿಗೆಯಲ್ಲಿ ಜಿಮ್ಯಾಕ್ಸ್ ಎಂಬ ಮೂರು ಆಯಾಮದ ಮಾಡೆಲಿಂಗ್ ಉಪಕರಣವೂ ಬಂದ ಮೇಲೆ ಅಲ್ಲೂ ಹವ್ಯಾಸಿಗಳ ಕೈ ನಡೆಯಿತು. ಪ್ರಾಜೆಕ್ಟ್ ಓಪನ್‌ಸ್ಕೈ ಎಂಬ ಗುಂಪು ಬೋಯಿಂಗ್ ವಿಮಾನಗಳನ್ನು ಮಾಡಿ ಪುಕ್ಕಟೆ ಕೊಟ್ಟಿತು. ಇನ್ನೊಂದು ಕಡೆ ಪಿಎಂಡಿಜಿಯಂಥ ಕಂಪನಿಗಳು ಕಾಕ್‌ಪಿಟ್ಟಿನ ಒಂದೊಂದು ಗುಂಡಿಯೂ ಕೆಲಸ ಮಾಡುವ ವಿಮಾನಗಳನ್ನು ದುಡ್ಡಿಗೆ ಮಾರಿದವು. ಆ ಕಂಪನಿಗಳೂ ಬಣ್ಣದ ವಿಷಯದಲ್ಲಿ ಹವ್ಯಾಸಿಗಳನ್ನೇ ನೆಚ್ಚಿದವು. ಪೇಂಟ್ ಕಿಟ್ ಎಂಬ ಪದರಪದರದ ಖಾಲಿ ಚಿತ್ರಗಳನ್ನು ಹಂಚಿ, ಉಳಿದದ್ದನ್ನು ಅವರಿಗೇ ಬಿಟ್ಟವು. ವ್ಯಾಪಾರದ ಲೆಕ್ಕದಲ್ಲಿ ಇದು ಜಾಣತನ: ಸಂಬಳವಿಲ್ಲದ ನೂರು ಜನ ನಿಮ್ಮ ಸರಕಿಗೆ ಅಲಂಕಾರ ಮಾಡಿಕೊಡುತ್ತಾರೆ.

ಬಣ್ಣ ಬಳಿಯುವುದು ಸುಲಭ ಎಂದುಕೊಳ್ಳಬೇಡಿ. ವಿಮಾನದ ದೇಹವನ್ನು ತುಂಡು ತುಂಡಾಗಿ ಬಿಡಿಸಿ ಚೌಕದ ಚಿತ್ರಗಳಲ್ಲಿ ಹಾಸಿರುತ್ತಾರೆ, ಹಲಸಿನ ಹಣ್ಣಿನ ಸಿಪ್ಪೆ ಸುಲಿದು ನೆಲಕ್ಕೆ ಹರಡಿದ ಹಾಗೆ. ಪಕ್ಕೆಯಲ್ಲಿ ನೇರವಾಗಿದ್ದ ಪಟ್ಟೆ ಮೂತಿಯ ಹತ್ತಿರ ಬರುವಾಗ ಸೊಟ್ಟಗಾಗುತ್ತದೆ. ಹಾಸಿದ ಚಿತ್ರದಲ್ಲಿ ಅದನ್ನು ಬೇಕೆಂದೇ ಸೊಟ್ಟ ಬರೆದರೆ ವಿಮಾನದ ಮೇಲೆ ನೆಟ್ಟಗೆ ಕೂರುತ್ತದೆ. ಮೈ ಎಲ್ಲಿ ಎಷ್ಟು ಹೊಳೆಯಬೇಕು ಎಂಬುದಕ್ಕೆ ಅದೇ ಚಿತ್ರದೊಳಗೆ ಇನ್ನೊಂದು ಪದರ. ರಾತ್ರಿ ಕಿಟಕಿಗಳಲ್ಲಿ ಬೆಳಕು ಕಾಣಬೇಕೆಂದರೆ ರಾತ್ರಿಯದೇ ಬೇರೆ ಚಿತ್ರ. ನೋಂದಣಿ ಅಕ್ಷರಗಳು ತಪ್ಪಾದರೆ ತಿಳಿದವರು ಆ ದಿನವೇ ಹಿಡಿಯುತ್ತಾರೆ, ಯಾಕೆಂದರೆ ಇವರೆಲ್ಲ ಕೆಲಸ ಮಾಡುವುದು ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತು ಫೋಟೋ ತೆಗೆಯುವವರ ಚಿತ್ರಗಳನ್ನು ನೋಡಿಕೊಂಡು.

ನಮ್ಮ ಏರ್ ಇಂಡಿಯಾ ಅವರಿಗೆ ಕೊಟ್ಟ ಕಾಟ ಸಣ್ಣದಲ್ಲ. 1971ರಲ್ಲಿ ಜಂಬೋ 747 ಬಂದಾಗ ಪ್ರತಿ ಕಿಟಕಿಯ ಸುತ್ತಲೂ ಅರಮನೆಯ ಝರೋಖಾದಂತೆ ಕೆಂಪು ಕಮಾನು ಬರೆಸಿದ್ದರು. ಒಂದು ಕಮಾನು ಬರೆದು ಸಾಲಾಗಿ ನಕಲು ಮಾಡಿದರೆ, ಮೂತಿಯ ತಿರುವಿಗೆ ಬರುತ್ತಲೇ ಎಲ್ಲವೂ ವಾಲುತ್ತಿತ್ತು. ಜೊತೆಗೆ ಒಂದು ಪಕ್ಕದಲ್ಲಿ ಹಿಂದಿ, ಇನ್ನೊಂದು ಪಕ್ಕದಲ್ಲಿ ಇಂಗ್ಲಿಷ್. ಹಳೆಯ ಕೆಲವು ಮಾದರಿಗಳು ಜಾಗ ಉಳಿಸಲು ಎರಡೂ ಪಕ್ಕಕ್ಕೆ ಒಂದೇ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಅಂಟಿಸುತ್ತಿದ್ದವು. ಅಂಥದರ ಮೇಲೆ ಏರ್ ಇಂಡಿಯಾ ಬರೆಯುವುದು ಸಾಧ್ಯವೇ ಇರಲಿಲ್ಲ.

ಈ ಬಣ್ಣಗಳು ದಾಖಲೆಯಾಗುತ್ತವೆ ಎಂದು ಆಗ ಯಾರೂ ಅಂದುಕೊಂಡಿರಲಿಕ್ಕಿಲ್ಲ. 2003ರಲ್ಲಿ ಬೆಂಗಳೂರಿನಿಂದ ಹೊರಟ ಏರ್ ಡೆಕ್ಕನ್, ಮೈಸೂರಿನ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನೇ ತನ್ನ ಗುರುತಾಗಿ ಮಾಡಿಕೊಂಡಿತ್ತು. ಐದೇ ವರ್ಷದಲ್ಲಿ ಅದು ಕಿಂಗ್‌ಫಿಶರ್ ರೆಡ್ ಆಯಿತು. ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ. ವಿಮಾನ ಸಂಸ್ಥೆ ಮುಳುಗಿದರೆ ಬಾಡಿಗೆಗೆ ಕೊಟ್ಟವರು ವಿಮಾನವನ್ನು ವಾಪಸು ಒಯ್ದು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಬಣ್ಣ ಕೆರೆದು ತೆಗೆಯುವುದು.

ಊರುಗಳ ಕಥೆಯೂ ಹೀಗೆಯೇ. ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದದ್ದು 2006ರಲ್ಲಿ. ಹೈದರಾಬಾದಿನ ಬೇಗಂಪೇಟೆ, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಗಳಿಂದ ಪ್ರಯಾಣಿಕ ವಿಮಾನಗಳು ಹೊಸ ಜಾಗಕ್ಕೆ ಹೋದದ್ದು 2008ರಲ್ಲಿ. ಹಾಗಾಗಿ ಆ ಆಟದಲ್ಲಿ ದೇವನಹಳ್ಳಿಯೂ ಇಲ್ಲ, ಶಂಷಾಬಾದೂ ಇಲ್ಲ, ಬೇಕಾದವರು ಆಡ್-ಆನ್ ಹಾಕಿಕೊಳ್ಳಬೇಕು. ಹಾಕಿಕೊಳ್ಳದವರು ಜೆಟ್‌ನ 737 ವಿಮಾನವನ್ನು ಇವತ್ತಿಗೂ ಬೇಗಂಪೇಟೆಯಲ್ಲೇ ಇಳಿಸುತ್ತಾರೆ. ಮೇಗ್ಸ್ ಫೀಲ್ಡ್‌ನ ನಿಜವಾದ ರನ್‌ವೇಯನ್ನು ಶಿಕಾಗೋದ ಮೇಯರ್ 2003ರ ಮಾರ್ಚ್ 30ರ ರಾತ್ರಿ ಬುಲ್‌ಡೋಜರ್ ಕಳಿಸಿ ಅಗೆಸಿದರು. ಆ ವರ್ಷವೇ ಬಿಡುಗಡೆಯಾದ ಆಟದಲ್ಲಿ ಅದು ಹಾಗೇ ಉಳಿದಿತ್ತು.

ಕಂಪ್ಯೂಟರಿನಲ್ಲಿ ಇಟ್ಟದ್ದು ಶಾಶ್ವತ ಎಂಬ ಭ್ರಮೆಯೂ ಬೇಡ. ಈ ಹವ್ಯಾಸಿ ಕೆಲಸದ ದೊಡ್ಡ ಭಂಡಾರಗಳಲ್ಲಿ ಒಂದಾದ ಅವ್‌ಸಿಮ್, 1996ರಿಂದ ಕೂಡಿಟ್ಟದ್ದನ್ನು 2009ರ ಮೇ ತಿಂಗಳಲ್ಲಿ ಹ್ಯಾಕರ್ ಒಬ್ಬ ಅಳಿಸಿ ಹಾಕಿದ. ಎರಡು ಸರ್ವರ್‌ಗಳಿದ್ದವು, ಒಂದಕ್ಕೆ ಇನ್ನೊಂದು ಬ್ಯಾಕಪ್. ಎರಡೂ ಒಟ್ಟಿಗೆ ಹೋದವು. ಆಮೇಲೆ ತಾಣ ಮತ್ತೆ ಎದ್ದು ನಿಂತಿತು ಎನ್ನುವುದು ನಿಜ. ಅದೇ ವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್ ಆಟ ತಯಾರಿಸುತ್ತಿದ್ದ ತನ್ನ ಸ್ಟುಡಿಯೋವನ್ನೇ ಮುಚ್ಚಿತ್ತು. ಮುಂದಿನ ಹತ್ತಾರು ವರ್ಷ ಹಳೆಯ ಆಟ ಬದುಕಿದ್ದರಲ್ಲಿ ಈ ಆಡ್-ಆನ್‌ಗಳ ಪಾಲು ದೊಡ್ಡದು.

2020ರಲ್ಲಿ ಆಟ ಮರಳಿ ಬಂತು. ಉಪಗ್ರಹ ಚಿತ್ರಗಳ ಭೂಮಿ, ಜೊತೆಗೆ ಕಂಪನಿಯದೇ ಅಂಗಡಿ. ಹವ್ಯಾಸಿಗಳು ಮೊದಲ ವಾರದಿಂದಲೇ ಬಣ್ಣ ಬಳಿಯಲು ಕೂತರು. ಆದರೆ ಹೆಚ್ಚಿನ ಬೆಲೆಯ ಆವೃತ್ತಿಯ ವಿಮಾನಗಳ ಕಡತಗಳು ಬೀಗ ಹಾಕಿಕೊಂಡೇ ಬಂದವು. ನೋಟ್‌ಪ್ಯಾಡಿನಲ್ಲಿ ತೆರೆದರೆ ಓದಲು ಏನೂ ಸಿಗುತ್ತಿರಲಿಲ್ಲ.