ಗಡ ಏರಿ, ಕ್ವಾಟಿ ನೋಡಿ

ಸಂಕೇಶ್ವರದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ವಲ್ಲಭಗಡ. ಹುಕ್ಕೇರಿ ತಾಲೂಕಿನ ಈ ಬೆಟ್ಟದ ಕೋಟೆಗೆ ಹರಗಾಪುರಗಡ ಎಂಬ ಹೆಸರೂ ಉಂಟು. ಮೇಲೆ ಉಳಿದಿರುವುದು ಸವೆದ ಗೋಡೆ, ಬುರುಜು. ಆದರೆ ಈ ಸೀಮೆಯ ಮಾತಿನಲ್ಲಿ ಏರುವುದು ಗಡ, ನೋಡುವುದು ಕ್ವಾಟಿ. ಗೋಡೆ ಗ್ವಾಡಿಯಾದಂತೆ ಕೋಟೆ ಇಲ್ಲಿ ಕ್ವಾಟಿ.

ಕೋಟೆ ನಮ್ಮ ಹಳೆಯ ಸೊತ್ತು. ಹಳಗನ್ನಡದಲ್ಲಿ ಕೋಂಟೆ ಎಂಬ ರೂಪವಿದೆ. ತಮಿಳಿನಲ್ಲಿ ಕೋಟ್ಟೈ, ತೆಲುಗಿನಲ್ಲಿ ಕೋಟ. ನೀಲಗಿರಿಯ ತೊದವರ ನುಡಿಯಲ್ಲಿ ಇದೇ ಮಾತು ‘ಕ್ವಾಟ್’ ಆಗಿ ಬಂಗಲೆಗೆ ಹೆಸರಾಯಿತು! ಸಂಸ್ಕೃತದ ‘ಕೋಟ್ಟ’ ದ್ರಾವಿಡದಿಂದಲೇ ಹೋದದ್ದೆಂದು ಹಲವು ಪಂಡಿತರ ಮತ, ನನಗೂ ಅದೇ ಸರಿಯೆನಿಸುತ್ತದೆ. ಅಲ್ಲಿಂದ ಅದರ ಸವಾರಿ ದೊಡ್ಡದು: ರಾಜಕೋಟ, ಪಠಾಣಕೋಟ, ಸಿಯಾಲಕೋಟ. ಕೋಟೆ ಕಾಯುವ ‘ಕೋಟ್ಟಪಾಲ’ ಸವೆದು ಕೊತ್ವಾಲನಾದ. ಪಾರಸಿ ದಫ್ತರಗಳನ್ನು ಸುತ್ತಿ, ತವರಿನ ಗುರುತೇ ಸಿಗದ ವೇಷದಲ್ಲಿ ಕನ್ನಡಕ್ಕೆ ಮರಳಿದ.

ಗಡದ ದಾರಿ ಬೇರೆ. ಪ್ರಾಕೃತದ ‘ಗಢ’ ಹಿಂದಿಯಲ್ಲಿ ಗಢ, ಮರಾಠಿಯಲ್ಲಿ ಗಡ. ಮರಾಠಿಗರು ಲೆಕ್ಕ ಚೊಕ್ಕ ಇಟ್ಟಿದ್ದಾರೆ: ಬೆಟ್ಟದ ಮೇಲಿದ್ದರೆ ಗಡ, ಬಯಲಲ್ಲಿದ್ದರೆ ಭುಯಿಕೋಟ. ಅಂದರೆ ನಮ್ಮ ಕೋಟೆ ಅವರ ಬಯಲಿಗೆ ಇಳಿಯಿತು, ಅವರ ಗಡ ನಮ್ಮ ಗುಡ್ಡ ಹತ್ತಿತು: ವಲ್ಲಭಗಡ, ಸವದತ್ತಿಯ ಪಾರಸಗಡ, ಖಾನಾಪುರದ ಭೀಮಗಡ, ಆಚೆ ಗಜೇಂದ್ರಗಡ. ದಕ್ಷಿಣಕ್ಕೆ ಸರಿದಂತೆ ಗಡ ತೆಳುವಾಗಿ, ಚಿತ್ರದುರ್ಗ, ನಿಡುಗಲ್ಲುದುರ್ಗದಂಥ ಹೆಸರುಗಳು ಎದುರಾಗುತ್ತವೆ. ಬೆಳಗಾವಿ ಗಡಿ ಜಿಲ್ಲೆಯಾದ್ದರಿಂದ ಗಡಕ್ಕೂ ಗಡಿಗೂ ನಂಟು ಕಟ್ಟುವ ಚಪಲ ಹುಟ್ಟಬಹುದು, ಬೇಡ. ಗಡಿ, ಗಡುವು ಒಂದೇ ಬಳ್ಳಿಯವು, ಗಡ ಅವುಗಳ ನೆಂಟನಲ್ಲ.

ಕೋಟೆ, ಗಡ ಇವೆರಡರ ನಡುವೆ ಅರಬಿ ಮೂಲದ ಕಿಲ್ಲಾ ಬಂದು ಕೂತಿತು. ಬೆಳಗಾವಿಯಲ್ಲಿ ಕೋಟೆ ಕೆರೆಯೂ ಇದೆ, ಕಿಲ್ಲೇದಾರ, ಗಡಕರಿ ಎಂಬ ಅಡ್ಡಹೆಸರುಗಳೂ ಇವೆ. ಮೂಡಲಗಿಯ ಎರೆ ಬಯಲಿಗೆ ಇವ್ಯಾವುವೂ ಅಷ್ಟು ಬೇಕಾಗಲಿಲ್ಲ. ಊರು ಕಾಯಲು ಅಗಸಿ, ಹುಡೇವು, ವಾಡೆ ಸಾಕಾಯಿತು.

ಚುನಾವಣೆ ಬಂದರೆ ಮಾತ್ರ ಗೋಕಾಕ, ಹುಕ್ಕೇರಿ, ಬಯಲು, ಗುಡ್ಡ ಎನ್ನದೆ ಎಲ್ಲವೂ ಯಾರದೋ ‘ಭದ್ರಕೋಟೆ’. ಭದ್ರಗಡ ಎಂದು ಯಾವ ಪತ್ರಿಕೆಯೂ ಬರೆದದ್ದು ನಾನಂತೂ ಕಂಡಿಲ್ಲ.