ಕೊನೆಯ ಹಾಡು, ಕೇಳಿದ ಕಿವಿ



ಒಂದು ಹಾಡಿನ ಚರಿತ್ರೆಯನ್ನು ಬರೆಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ನೀವು ಏನೇನು ಬರೆಯುತ್ತೀರಿ? ಕವಿ ಯಾರು, ರಾಗ ಸಂಯೋಜಿಸಿದವರು ಯಾರು, ಹಾಡಿದವರು ಯಾರು, ಧ್ವನಿಮುದ್ರಣವಾದ ವರ್ಷ ಯಾವುದು ಎಂದು ಬರೆಯುತ್ತೀರಿ. ಇಷ್ಟಕ್ಕೆ ಅಂಕಗಳು ಸಿಗುತ್ತವೆ. ಆದರೆ ಚರಿತ್ರೆ ಅರ್ಧ ಮಾತ್ರ ಆಯಿತು. ಹಾಡು ಹಾಡುವವರಿಂದ ಹುಟ್ಟಿದರೂ ಬದುಕುವುದು ಕೇಳುವವರಲ್ಲಿ. ಅದನ್ನು ಮೊದಲ ಸಲ ಕೇಳಿದವರು ಏನೆಂದರು? ಹತ್ತು ವರ್ಷಗಳ ಮೇಲೆ ಅವರೇ ಏನೆಂದರು? ಈ ಉಳಿದರ್ಧವನ್ನು ನಾವು ಸಾಮಾನ್ಯವಾಗಿ ಬರೆದಿಡುವುದಿಲ್ಲ.

ಕೇಳುಗರ ಅಭಿಪ್ರಾಯ ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಲು ಒಳ್ಳೆಯ ದಾರಿಯೊಂದಿದೆ. ಒಂದು ಸಂಗೀತ ತಂಡದ ಕೊನೆಯ ಆಲ್ಬಮ್ಮನ್ನು ಜನ ಹೇಗೆ ಕೇಳಿದರು ಎಂದು ನೋಡುವುದೇ ಆ ದಾರಿ. ಇದಕ್ಕಾಗಿ ನಾವು ಮೊದಲು ದೂರದ ದೇಶಗಳಿಗೆ ಹೋಗಬೇಕು. ಅಲ್ಲಿ ಕೇಳುಗರ ಮಾತು ಪತ್ರಿಕೆಗಳಲ್ಲಿ ಅಚ್ಚಾಗಿ ಉಳಿದಿದೆ. ಅಲ್ಲಿ ಕಲಿತದ್ದನ್ನು ಕಟ್ಟಿಕೊಂಡು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಮರಳಿ ಬರೋಣ.

ಆಲ್ಬಮ್ ಎಂದರೇನು?

ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಧಾನವಾಗಿ ತಿರುಗುವ ಲಾಂಗ್ ಪ್ಲೇ ತಟ್ಟೆಯನ್ನು ತಂದಿತು. ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯಿತು. ಆಗ ಹತ್ತು ಹನ್ನೆರಡು ಹಾಡುಗಳನ್ನು ಒಂದು ಪುಸ್ತಕದ ಅಧ್ಯಾಯಗಳಂತೆ ಜೋಡಿಸುವ ರೂಢಿ ಬೆಳೆಯಿತು. ಆಲ್ಬಮ್ ಎಂದರೆ ಇದೇ. ನಮ್ಮ ಕಡೆ ಬ್ಯಾಂಡ್ ಎಂದರೆ ಮದುವೆಯ ಮೆರವಣಿಗೆ ನೆನಪಾಗುತ್ತದೆ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಬ್ಯಾಂಡ್ ಎಂದರೆ ತಾವೇ ಹಾಡು ಕಟ್ಟಿ, ತಾವೇ ನುಡಿಸಿ ಹಾಡುವ ನಾಲ್ಕೈದು ಜನರ ತಂಡ. 1980ರ ದಶಕದಲ್ಲಿ ದೊಡ್ಡ ಕಂಪನಿಗಳ ಅಬ್ಬರದ ಜಾಡು ಬಿಟ್ಟು ನಡೆದ ಕೆಲವು ತಂಡಗಳನ್ನು ಅಮೆರಿಕದ ಕಾಲೇಜು ರೇಡಿಯೋಗಳು ಎತ್ತಿ ಹಿಡಿದವು. ಆ ಬಗೆಯ ಸಂಗೀತಕ್ಕೆ ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ಬಂತು. ಅದನ್ನು ಮೊದಲು ಮೆಚ್ಚಿಕೊಂಡವರು ನಿಮ್ಮಂಥ ವಿದ್ಯಾರ್ಥಿಗಳೇ ಎಂಬುದು ನೆನಪಿರಲಿ.

ಮೂರು ಕೊನೆಗಳು

ಅಂಥ ತಂಡಗಳಲ್ಲಿ ಮುಖ್ಯವಾದುದು ಆರ್.ಇ.ಎಂ. ಇದು 1980ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿ ಹುಟ್ಟಿತು. 1997ರಲ್ಲಿ ಡ್ರಮ್ ವಾದಕ ಬಿಲ್ ಬೆರಿ ತಂಡವನ್ನು ಬಿಟ್ಟರು. ಉಳಿದ ಮೂವರು ಮುಂದುವರಿದರು. 2011ರ ಮಾರ್ಚಿಯಲ್ಲಿ ಅವರ ಹದಿನೈದನೆಯ ಆಲ್ಬಮ್ ‘ಕೊಲ್ಯಾಪ್ಸ್ ಇನ್‌ಟು ನೌ’ ಬಂತು. ಆಗ ಅದು ಕೇಳುಗರಿಗೆ ಇನ್ನೊಂದು ಆಲ್ಬಮ್ ಮಾತ್ರ. ಹಳೆಯ ಆರ್.ಇ.ಎಂ. ದನಿ ಮರಳಿತು ಎಂದು ಕೆಲವರು ಸಂತೋಷಪಟ್ಟರು, ಹೊಸದೇನೂ ಇಲ್ಲ ಎಂದು ಕೆಲವರು ಮೂಗು ಮುರಿದರು. ಅದೇ ವರ್ಷ ಸೆಪ್ಟೆಂಬರ್ 21ರಂದು ತಂಡವನ್ನು ವಿಸರ್ಜಿಸಿದ್ದೇವೆ ಎಂಬ ಪ್ರಕಟಣೆ ಹೊರಬಿತ್ತು. ಬೇರೆಯಾಗುವ ಯೋಚನೆ ಆಲ್ಬಮ್ ಮಾಡುವ ಹೊತ್ತಿಗೇ ಇತ್ತೆಂದು ಸದಸ್ಯರು ಆಮೇಲೆ ತಿಳಿಸಿದರು. ಜನ ಅದೇ ಹಾಡುಗಳನ್ನು ಮತ್ತೆ ಕೇಳಿದರು. ಹೊದಿಕೆಯ ಚಿತ್ರದಲ್ಲಿ ಗಾಯಕ ಮೈಕೆಲ್ ಸ್ಟೈಪ್ ಎತ್ತಿದ ಕೈ ಈಗ ವಿದಾಯದ ಕೈಯಾಗಿ ಕಂಡಿತು. ತಟ್ಟೆಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಕೇಳುವವರಿಗೆ ಗೊತ್ತಿದ್ದ ಸಂಗತಿ.

ಎರಡನೆಯದು ಐರ್ಲೆಂಡಿನ ಲಿಮರಿಕ್ ನಗರದ ಕ್ರ್ಯಾನ್‌ಬೆರೀಸ್. 1989ರಲ್ಲಿ ಆರಂಭವಾದ ಈ ತಂಡಕ್ಕೆ ಮರುವರ್ಷ ಡೊಲೊರೆಸ್ ಓ’ರಿಯೊರ್ಡನ್ ಗಾಯಕಿಯಾಗಿ ಸೇರಿದರು. 2017ರಲ್ಲಿ ಹೊಸ ಆಲ್ಬಮ್ಮಿಗಾಗಿ ಅವರು ಕಚ್ಚಾ ಧ್ವನಿಮುದ್ರಣ ಮಾಡಿಟ್ಟಿದ್ದರು. 2018ರ ಜನವರಿ 15ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕುಟುಂಬದ ಒಪ್ಪಿಗೆ ಪಡೆದು, ಉಳಿದ ಮೂವರು ಆ ಕಚ್ಚಾ ದನಿಯ ಸುತ್ತ ವಾದ್ಯಗಳನ್ನು ನುಡಿಸಿ, 2019ರ ಏಪ್ರಿಲ್‌ನಲ್ಲಿ ‘ಇನ್ ದಿ ಎಂಡ್’ ಎಂಬ ಆಲ್ಬಮ್ಮನ್ನು ಹೊರತಂದು ತಂಡವನ್ನು ಮುಗಿಸಿದರು. ಇದನ್ನು ಕೇಳಿದವರು ಹೇಗೆ ತೀರ್ಪು ಕೊಡಬೇಕು? ಹಾಡು ಚೆನ್ನಾಗಿದೆ ಎಂದವರು ಹಾಡನ್ನು ಹೊಗಳಿದರೋ, ಹೋದವರಿಗಾಗಿ ಮರುಗಿದರೋ? ಎರಡನ್ನೂ ಬೇರೆ ಮಾಡಲಾಗದು. ಇತಿಹಾಸಕಾರ ಬೇರೆ ಮಾಡಲು ಹೆಣಗಬೇಕಾಗಿಯೂ ಇಲ್ಲ. ಎರಡೂ ಇದ್ದವು ಎಂದು ಗುರುತಿಸಿದರೆ ಸಾಕು.

ಮೂರನೆಯದು ಎಲ್ಲರೂ ಬಲ್ಲ ಬೀಟಲ್ಸ್. ‘ಲೆಟ್ ಇಟ್ ಬಿ’ ಆಲ್ಬಮ್ಮಿನ ಬಹುಭಾಗ ಧ್ವನಿಮುದ್ರಣವಾದದ್ದು 1969ರ ಜನವರಿಯಲ್ಲಿ. ಅದು ಹೊರಬಂದದ್ದು 1970ರ ಮೇ 8ರಂದು. ನಡುವೆ ‘ಅಬ್ಬೀ ರೋಡ್’ ಮುದ್ರಣಗೊಂಡು ಬಿಡುಗಡೆಯೂ ಆಯಿತು. ಹಾಗಾಗಿ ಕೊನೆಗೆ ಬಂದ ಆಲ್ಬಮ್ ಕೊನೆಗೆ ಮಾಡಿದ ಆಲ್ಬಮ್ ಅಲ್ಲ! 1970ರ ಏಪ್ರಿಲ್‌ನಲ್ಲಿ ಪಾಲ್ ಮೆಕಾರ್ಟ್ನಿ ತಂಡ ಬಿಟ್ಟ ಸುದ್ದಿ ಬಂದಿತ್ತು. ಜನ ಆ ಹಾಡುಗಳಲ್ಲಿ ಜಗಳವನ್ನೂ ಮುರಿದ ಮನಸ್ಸನ್ನೂ ಕೇಳಿದರು. 2021ರಲ್ಲಿ ಪೀಟರ್ ಜಾಕ್ಸನ್ ಆ ಜನವರಿಯ ಚಿತ್ರೀಕರಣವನ್ನು ಸುಮಾರು ಎಂಟು ಗಂಟೆಗಳ ಸಾಕ್ಷ್ಯಚಿತ್ರವಾಗಿ ತೋರಿಸಿದರು. ಅದರಲ್ಲಿ ಜಗಳದ ಜೊತೆಗೆ ನಗೆಚಾಟಿಕೆಯೂ ಧಾರಾಳವಾಗಿತ್ತು. ಐವತ್ತು ವರ್ಷಗಳ ಅಭಿಪ್ರಾಯ ಮತ್ತೆ ಕದಲಿತು.

ಈ ಮೂರರಿಂದ ನಾವು ಕಲಿಯುವುದೇನು? ಕೇಳುಗರ ಅಭಿಪ್ರಾಯಕ್ಕೂ ತಾರೀಖು ಇರಬೇಕು. ತಾರೀಖಿಲ್ಲದ ಅಭಿಪ್ರಾಯ ಕಾಲವಿಲ್ಲದ ಶಾಸನದಂತೆ. ಕೇಳಿದಾಗ ಅವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು ಅರಿಯದೆ ಅವರ ಮಾತನ್ನು ಅಳೆಯಲಾಗದು.

ಕನ್ನಡದ ಕೇಳುಗರು

ಇದೆಲ್ಲ ಹೊರದೇಶದ ಮಾತಾಯಿತು ಎನ್ನಬೇಡಿ. ನಮ್ಮ ದೇಶದಲ್ಲಿ ಕೇಳುಗರ ಅಭಿಪ್ರಾಯ ಸರ್ಕಾರದ ನೀತಿಯನ್ನೇ ಬದಲಿಸಿದ್ದುಂಟು. 1952ರಲ್ಲಿ ಕೇಂದ್ರ ಸಚಿವರಾದ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದವು. ಕೇಳುಗರು ಮೆರವಣಿಗೆ ಮಾಡಲಿಲ್ಲ. ರೇಡಿಯೋದ ಮುಳ್ಳನ್ನು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು, ಅಲ್ಲಿನ ಬಿನಾಕಾ ಗೀತಮಾಲಾ ಕಾರ್ಯಕ್ರಮಕ್ಕೆ ರಾಶಿರಾಶಿ ಕಾಗದ ಬರೆದರು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳನ್ನು ಮರಳಿ ತಂದಿತು.

ಕನ್ನಡದಲ್ಲಿ ಚಿತ್ರಗೀತೆಯೂ ಅಲ್ಲದ, ಶಾಸ್ತ್ರೀಯವೂ ಅಲ್ಲದ ಮೂರನೆಯ ದಾರಿಯೊಂದು ಸುಗಮ ಸಂಗೀತವಾಗಿ ಬೆಳೆಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯಾಗಿ ಬಂತು. ಅನಂತಸ್ವಾಮಿ 1995ರಲ್ಲಿ ತೀರಿಕೊಂಡರು, ಸಿ. ಅಶ್ವತ್ಥ್ 2009ರಲ್ಲಿ. ಹಾಡಿದವರು ಹೋದರೂ ಕೇಳಿದವರ ಚರ್ಚೆ ನಿಲ್ಲಲಿಲ್ಲ. ನೀವು ದಿನವೂ ಶಾಲೆಯಲ್ಲಿ ಹಾಡುವ ಕುವೆಂಪು ಅವರ ನಾಡಗೀತೆಯನ್ನೇ ನೋಡಿ. 2004ರಲ್ಲಿ ಅದು ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿಯವರ ಧಾಟಿ ಬೇಕೆನ್ನುವವರು ಒಂದು ಕಡೆ, ಅಶ್ವತ್ಥ್ ಅವರ ಧಾಟಿ ಬೇಕೆನ್ನುವವರು ಇನ್ನೊಂದು ಕಡೆ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಮಾಡಿತು. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಗಿ, 2024ರಲ್ಲಿ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಆದೇಶದ ಪ್ರತಿ ಕಡತದಲ್ಲಿ ಉಳಿಯುತ್ತದೆ. ಆದರೆ ಒಂದು ಧಾಟಿ ಒಬ್ಬರಿಗೆ ಏಕೆ ಹಿಡಿಸಿತು, ಅದನ್ನು ಅವರು ಮೊದಲು ಎಲ್ಲಿ ಕೇಳಿದ್ದರು ಎಂಬುದು ಯಾವ ಕಡತದಲ್ಲೂ ಸಿಗದು.

ನಮ್ಮ ನೆಲದ ಕಿವಿಗಳು

ಈಗ ನಮ್ಮ ಮೂರು ಊರುಗಳಿಗೆ ಬರೋಣ. ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿತ್ತು. ಅದೇ ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಬೇರೆ ಬೇರೆ ಕಡೆಯ ಕಾರ್ಮಿಕರನ್ನು ಸೇರಿಸಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಭತ್ತದ ಗದ್ದೆಗಳು ಎದ್ದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಹುಟ್ಟಿದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ 1970ರ ಸುಮಾರಿಗೆ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಸಿಕ್ಕಿತು. ಕನ್ನಡ, ಉರ್ದು, ತೆಲುಗು, ಬಂಗಾಳಿ ಹೀಗೆ ನಾಲ್ಕು ಭಾಷೆಗಳ ಕಿವಿಗಳು ಒಂದೇ ಸಂತೆಯಲ್ಲಿ ಸೇರುವ ಊರಿದು. 1950ರಲ್ಲಿ ಧಾರವಾಡ, 1966ರಲ್ಲಿ ಕಲಬುರಗಿ ಆಕಾಶವಾಣಿ ಕೇಂದ್ರಗಳು ಆರಂಭವಾದವು. ಆ ಮೇಲೆ ಕ್ಯಾಸೆಟ್ಟುಗಳ ಕಾಲ ಬಂತು. ಒಂದೇ ಹಾಡು ಈ ನಾಲ್ಕು ಬಗೆಯ ಮನೆಗಳಲ್ಲಿ ನಾಲ್ಕು ಬಗೆಯಾಗಿ ಕೇಳಿಸಿರಬೇಕಲ್ಲವೆ? ಅದನ್ನು ಯಾರು ಬರೆದಿಟ್ಟಿದ್ದಾರೆ?

ನಮ್ಮವರಿಗೆ ಕೇಳಿ ತೀರ್ಪು ಕೊಡುವುದು ಹೊಸದೇನಲ್ಲ. ಮುದಗಲ್ಲಿನ ಮೊಹರಂ ನಾಡಿಗೆಲ್ಲ ಪ್ರಸಿದ್ಧ. ಅಲಾಯಿ ಹಬ್ಬದಲ್ಲಿ ಹಿಂದೂ ಮುಸ್ಲಿಂ ಎನ್ನದೆ ರಿವಾಯತ್ ಪದ ಹಾಡುತ್ತಾರೆ. ಪದ ಹಿಡಿಸಿದರೆ ಜನ ನಿಂತು ಕೇಳುತ್ತಾರೆ, ಹಿಡಿಸದಿದ್ದರೆ ಮುಂದಿನ ಮೇಳದತ್ತ ಸರಿಯುತ್ತಾರೆ. ಅದೇ ಅವರ ವಿಮರ್ಶೆ. ತತ್ವಪದದ ಭಜನಾ ಮೇಳಗಳಲ್ಲೂ ಹೀಗೆಯೇ. ಒಬ್ಬ ಹಾಡುಗಾರನ ಕೊನೆಯ ಪದ ಯಾವುದು, ಅದನ್ನು ಕೇಳಿದವರು ಏನೆಂದರು ಎಂಬುದು ಊರಿನ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ನೆನಪಿಗೆ ಎರಡನೆಯ ಪ್ರತಿ ಇಲ್ಲ.

ಮಸ್ಕಿಯ ಬಂಡೆ ಹೇಳದ ಮಾತು

ಇಲ್ಲಿ ಮಸ್ಕಿಯ ಬಂಡೆಯನ್ನು ನೆನೆಯಬೇಕು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಅಶೋಕನ ಶಾಸನ ಅದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿ ಇದ್ದುದರಿಂದ ಬಿರುದಿನ ಒಡೆಯ ಯಾರೆಂಬುದು ಖಚಿತವಾಯಿತು. ಧರ್ಮದ ಮಾತನ್ನು ಕಿರಿಯರಿಗೂ ಹಿರಿಯರಿಗೂ ತಿಳಿಸಬೇಕು ಎಂಬ ಆಶಯ ಆ ಶಾಸನದಲ್ಲಿದೆ. ಒಡಿಶಾದ ಧೌಲಿ ಮತ್ತು ಜೌಗಡಗಳ ಶಾಸನಗಳಲ್ಲಿ, ತಿಷ್ಯ ನಕ್ಷತ್ರದ ದಿನ ಇದನ್ನು ಜನ ಕೇಳಬೇಕು, ಒಬ್ಬನೇ ಇದ್ದರೂ ಕೇಳಬೇಕು ಎಂಬ ಸೂಚನೆಯಿದೆ. ಎಂದರೆ ಶಾಸನಗಳು ಓದುವುದಕ್ಕೆ ಮಾತ್ರವಲ್ಲ, ಕೇಳುವುದಕ್ಕೂ ಇದ್ದವು.

ಹಾಗಾದರೆ ಮಸ್ಕಿಯಲ್ಲಿ ಕೇಳಿದವರು ಏನೆಂದರು? ಆ ಪ್ರಾಕೃತ ಮಾತನ್ನು ಅವರಿಗೆ ಯಾರು ಬಿಡಿಸಿ ಹೇಳಿದರು? ತಲೆದೂಗಿದರೋ, ಸುಮ್ಮನೆ ಎದ್ದು ಹೊಲಕ್ಕೆ ಹೋದರೋ? ಬಂಡೆ ಈ ಬಗ್ಗೆ ಮೌನವಾಗಿದೆ. ಹೇಳಿದವನ ಮಾತು ಎರಡು ಸಾವಿರ ವರ್ಷ ದಾಟಿ ಬಂತು, ಕೇಳಿದವರ ಮಾತು ಅಂದೇ ಗಾಳಿಯಲ್ಲಿ ಕರಗಿತು. ಚರಿತ್ರೆಯ ಈ ಅನ್ಯಾಯವನ್ನು ಅಶೋಕನ ಕಾಲಕ್ಕೆ ಹೋಗಿ ಸರಿಪಡಿಸಲಾಗದು. ನಮ್ಮ ಅಜ್ಜ ಅಜ್ಜಿಯರ ಕಾಲಕ್ಕೆ ಸರಿಪಡಿಸಬಹುದು.

ನೀವು ಮಾಡಬಹುದಾದ ಕೆಲಸ

ಅದಕ್ಕೆ ದೊಡ್ಡ ಸಲಕರಣೆ ಬೇಡ. ಒಂದು ನೋಟ್‌ಪುಸ್ತಕ ಸಾಕು. ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಬಳಿ ಕುಳಿತು ಅವರ ಒಪ್ಪಿಗೆ ಕೇಳಿ. ಅವರು ಮರೆಯದ ಒಂದು ಧ್ವನಿಮುದ್ರಿಕೆಯ ಬಗ್ಗೆ ಐದು ಪ್ರಶ್ನೆಗಳನ್ನಿಡಿ. ಯಾವಾಗ ಕೇಳಿದಿರಿ? ಎಲ್ಲಿ, ಯಾರ ಜೊತೆ? ಯಾವುದರಲ್ಲಿ, ಅಂದರೆ ತಟ್ಟೆಯಲ್ಲೋ, ರೇಡಿಯೋದಲ್ಲೋ, ಕ್ಯಾಸೆಟ್ಟಿನಲ್ಲೋ? ಹಾಡಿದವರ ಬಗ್ಗೆ ಆಗ ನಿಮಗೇನು ಗೊತ್ತಿತ್ತು? ಆಗ ಏನನ್ನಿಸಿತು, ಈಗ ಏನನ್ನಿಸುತ್ತದೆ?

ಕೊನೆಯ ಪ್ರಶ್ನೆಯ ಎರಡು ಉತ್ತರಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಅವು ಒಂದಕ್ಕೊಂದು ಹೊಂದದಿದ್ದರೆ ಗಾಬರಿಯಾಗಬೇಡಿ, ಆ ಅಂತರವೇ ಚರಿತ್ರೆ. ಹಿರಿಯರ ಮಾತನ್ನು ತಿದ್ದಬೇಡಿ, ಪುಸ್ತಕದ ಕನ್ನಡಕ್ಕೆ ಇಳಿಸಬೇಡಿ. ಅವರು ಉರ್ದುವಿನಲ್ಲೋ ತೆಲುಗಿನಲ್ಲೋ ಬಂಗಾಳಿಯಲ್ಲೋ ಹೇಳಿದರೆ ಹಾಗೆಯೇ ಬರೆದುಕೊಂಡು ಕೆಳಗೆ ಅರ್ಥ ಕೊಡಿ. ವರ್ಷ ನೆನಪಿಲ್ಲ ಎಂದರೆ ಬರ ಬಿದ್ದ ವರ್ಷವೋ, ಕಾಲುವೆಗೆ ನೀರು ಬಂದ ವರ್ಷವೋ, ಮಗಳ ಮದುವೆಯಾದ ವರ್ಷವೋ ಎಂದು ಕೇಳಿ. ಹಾಡು ಹೇಗಿತ್ತು ಎಂದಷ್ಟೇ ಕೇಳಿದರೆ ಚೆನ್ನಾಗಿತ್ತು ಎಂಬ ಒಂದೇ ಮಾತು ಸಿಗುತ್ತದೆ. ಯಾವ ಹಾಡನ್ನು ಮತ್ತೆ ಮತ್ತೆ ಹಚ್ಚುತ್ತಿದ್ದಿರಿ, ಯಾವುದನ್ನು ಮುಂದಕ್ಕೆ ಓಡಿಸುತ್ತಿದ್ದಿರಿ ಎಂದು ಕೇಳಿದರೆ ನಿಜವಾದ ತೀರ್ಪು ಹೊರಬರುತ್ತದೆ.

ಈ ಕೆಲಸಕ್ಕೆ ಅವಸರವಿದೆ. ಕ್ಯಾಸೆಟ್ಟಿನ ಸುರುಳಿ ನಮ್ಮ ಬಿಸಿಲು ಧೂಳಿನಲ್ಲಿ ಹಾಳಾಗುತ್ತದೆ, ಆದರೂ ಅದೇ ಹಾಡಿನ ಇನ್ನೊಂದು ಪ್ರತಿ ಬೇರೆಲ್ಲಾದರೂ ಸಿಕ್ಕೀತು. ಅದನ್ನು ಸಿಂಧನೂರಿನ ಕ್ಯಾಂಪಿನಲ್ಲಿ, ಹಟ್ಟಿಯ ಗಣಿಯ ಮನೆಯಲ್ಲಿ, ಮಸ್ಕಿಯ ಅಂಗಡಿಯ ಮುಂದೆ ನಿಂತು ಕೇಳಿದವರ ಮಾತು ಇನ್ನೆಲ್ಲೂ ಸಿಗದು. ಈ ವಾರವೇ ಒಬ್ಬರನ್ನು ಕೇಳಿ, ಬರೆದುಕೊಳ್ಳಿ. ಪುಟದ ಮೇಲ್ಭಾಗದಲ್ಲಿ ತಾರೀಖು ಹಾಕಲು ಮರೆಯಬೇಡಿ.